ಸಾವಿನ ಮನೆಗೆ ಪಾತಕಿಗಳು ಬಂದ ಮೇಲೆ ದುಃಖ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನನ್ನ ಮೊದಲ ಕ್ರೈಂ ಥ್ರಿಲ್ಲರ್ ಕಾದಂಬರಿಯ ಕರಡು ಮುಗಿದಿದೆ. ಸುಮಾರು 85,000 ಪದ, 300 ಪುಟ. ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದ 52 ವರ್ಷದವನೊಬ್ಬ ಕಾರು ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ಮನೆಯಲ್ಲಿ ಉಳಿದವರು ಹೆಂಡತಿ, 24 ವರ್ಷದ ಮಗಳು, 15ರ ಮಗ, ಸತ್ತವನ ತಮ್ಮ. ಒಂಬತ್ತನೇ ದಿನ ಮೂವರು ಬಂದು, ‘ಅವನು ನಮ್ಮ ದುಡ್ಡು ಎಲ್ಲೋ ಇಟ್ಟಿದ್ದಾನೆ, ಐದು ದಿನದಲ್ಲಿ ಹುಡುಕಿ ಕೊಡದಿದ್ದರೆ ಒಬ್ಬೊಬ್ಬರನ್ನೇ ಮುಗಿಸುತ್ತೇವೆ’ ಎನ್ನುತ್ತಾರೆ. ಕೊನೆಯಲ್ಲಿ, ಬ್ರೇಕ್ ಕತ್ತರಿಸಿ ಅವನನ್ನು ಕೊಂದವರೂ ಇವರೇ ಎಂದು ತಿಳಿಯುತ್ತದೆ. ಕರಡು ಓದಿದ ನಾಲ್ವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಮೊದಲ 70 ಪುಟ ಬರೀ ಅಳು, ಆಮೇಲೆ ಬರೀ ಓಟ, ಇವರು ಪೊಲೀಸರ ಹತ್ತಿರ ಯಾಕೆ ಹೋಗುವುದಿಲ್ಲ, ಖಳರನ್ನು ಕಂಡರೆ ಭಯವೇ ಆಗುವುದಿಲ್ಲ. ದುಃಖದ ಐದು ಹಂತಗಳನ್ನು ಪಾತ್ರಗಳಿಗೆ ಹಂಚಿ ಬಹಳ ಎಚ್ಚರದಿಂದ ಬರೆದಿದ್ದೆ. ಆ ಭಾಗ ತೆಗೆದು ಹೊಡೆದಾಟ ಹೆಚ್ಚಿಸಲೇ? ಕ್ಲೋರೋಫಾರ್ಮ್ ಹಾಕಿ ಮಗಳನ್ನು ಅಪಹರಿಸುವ ದೃಶ್ಯವೊಂದಿದೆ, ಅದನ್ನು ಮುಂದಕ್ಕೆ ತಂದರೆ ಸಾಕೇ?

ಉತ್ತರ: ಏನನ್ನೂ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಬಣ್ಣದ ಪೆನ್ಸಿಲ್ ಹಿಡಿದು ಕರಡಿನ ಮೇಲೆ ಕೂತುಕೊಳ್ಳಿ. ಸಾವಿನ ನೆನಪು ಪಾತ್ರದ ಮಾತು, ನಿರ್ಧಾರ ಅಥವಾ ತಪ್ಪನ್ನು ಬದಲಿಸಿದ ಕಡೆಯೆಲ್ಲ ನೀಲಿ ಗೆರೆ ಎಳೆಯಿರಿ. ಪಾತಕಿಗಳ ಒತ್ತಡ ಬದಲಿಸಿದ ಕಡೆ ಕೆಂಪು. ನಿಮ್ಮ ಓದುಗರು ಹೇಳಿದ್ದನ್ನು ನೋಡಿದರೆ 70ನೇ ಪುಟದವರೆಗೆ ನೀಲಿ, ಅಲ್ಲಿಂದ ಕೆಂಪು ಬರುತ್ತದೆ. ಎರಡೂ ಬಣ್ಣ ಒಂದೇ ಸಾಲಿನ ಮೇಲೆ ಬಿದ್ದದ್ದು ಹತ್ತು ಕಡೆಯೂ ಸಿಗಲಾರದು. ನಿಮ್ಮ ತೊಂದರೆ ಇರುವುದು ಅಲ್ಲಿ. ನಿಧಾನ ಎಂದು ಓದುಗರು ಹೇಳುತ್ತಿರುವುದು ಎರಡು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದದ್ದಕ್ಕೆ. ನೀಲಿ ಭಾಗವನ್ನು ಕಿತ್ತರೆ ಉಳಿಯುವುದು ಯಾವ ಮನೆಯಲ್ಲಾದರೂ ನಡೆಯಬಹುದಾದ ಹಣದ ಬೇಟೆ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. 70ನೇ ಪುಟದ ನಂತರದ ಯಾವುದಾದರೂ ದೃಶ್ಯ ತೆಗೆದುಕೊಂಡು, ತಂದೆ ಸತ್ತಿಲ್ಲ, ದೂರದ ಊರಿಗೆ ಹೋಗಿದ್ದಾನೆ ಎಂದುಕೊಳ್ಳಿ. ದೃಶ್ಯ ಹಾಗೆಯೇ ನಡೆಯುತ್ತದೆಯೇ? ನಡೆದರೆ ಆ ದೃಶ್ಯಕ್ಕೆ ಸಾವು ಬೇಕಾಗಿಯೇ ಇಲ್ಲ ಎಂದರ್ಥ.

ಈಗ ಐದು ಹಂತಗಳ ವಿಷಯ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಸಾಲನ್ನು ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಮುಂದಿಟ್ಟಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ತಮ್ಮದೇ ಸಾವನ್ನು ಎದುರಿಸುತ್ತಿದ್ದವರು ಅವರು. ತಮ್ಮವರನ್ನು ಕಳೆದುಕೊಂಡವರಿಗೆ ಅದನ್ನು ಹಚ್ಚಿದ್ದು ಆಮೇಲೆ. ದುಃಖ ಹೀಗೆ ಮೆಟ್ಟಿಲು ಹತ್ತಿದ ಹಾಗೆ ಸಾಗುವುದಿಲ್ಲ. ಹಂತಗಳನ್ನು ಪಾತ್ರಗಳಿಗೆ ಹಂಚಿದಾಗ ಇನ್ನೊಂದು ಅನಾಹುತವೂ ಆಗುತ್ತದೆ: ಮಗ ಸಿಟ್ಟಿನವನು, ತಾಯಿ ಒಪ್ಪದವಳು ಎಂದು ಪ್ರತಿಯೊಬ್ಬರ ಕೊರಳಿಗೂ ಒಂದು ಫಲಕ ಬೀಳುತ್ತದೆ. ಮೂರನೇ ಅಧ್ಯಾಯಕ್ಕೆಲ್ಲ ಓದುಗರಿಗೆ ಮುಂದಿನ ಮಾತು ಗೊತ್ತಾಗಿಬಿಡುತ್ತದೆ.

ಕಥೆಗಾರರಿಗೆ ಇದಕ್ಕಿಂತ ಎಷ್ಟೋ ಉಪಯುಕ್ತವಾದದ್ದು 1999ರಲ್ಲಿ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ವಿವರಿಸಿದ ಓಲಾಟ. ಅವರ ಪ್ರಕಾರ ದುಃಖಿಸುವವರು ಎರಡು ಕಡೆ ತೂಗಾಡುತ್ತಿರುತ್ತಾರೆ. ಒಮ್ಮೆ ಹೋದವರ ಕಡೆ: ಅಳು, ನೆನಪು, ಅವರ ಬಟ್ಟೆ ಮೂಸುವುದು. ಒಮ್ಮೆ ಉಳಿದ ಬದುಕಿನ ಕಡೆ: ಬ್ಯಾಂಕಿನ ಕಾಗದ, ಬಾಡಿಗೆ, ನಾಳೆ ಮಗನನ್ನು ಶಾಲೆಯಿಂದ ಕರೆತರುವವರು ಯಾರು. ಒಂದೇ ದಿನದಲ್ಲಿ, ಕೆಲವೊಮ್ಮೆ ಒಂದೇ ಗಂಟೆಯಲ್ಲಿ, ಈ ಕಡೆಯಿಂದ ಆ ಕಡೆಗೆ ಹೋಗಿಬರುತ್ತಾರೆ. ನಿಮ್ಮ ನಾಲ್ವರೂ ಒಂದೇ ಹೊತ್ತಿಗೆ ಬೇರೆ ಬೇರೆ ತುದಿಯಲ್ಲಿರುತ್ತಾರೆ. ಮೈದುನ ವಿಮೆಯ ಪತ್ರ ಎಲ್ಲಿ ಎಂದು ಕೇಳುವ ಕ್ಷಣದಲ್ಲಿ ಅತ್ತಿಗೆ ಗಂಡನ ಅಂಗಿಯನ್ನು ಒಗೆಯಲು ಹಾಕದೆ ಮಡಚಿ ಇಡುತ್ತಿರುತ್ತಾಳೆ. ಅವನು ಕಟುಕನಲ್ಲ, ಅವಳು ಮಂಕಾದವಳೂ ಅಲ್ಲ. ಆದರೆ ಜಗಳಕ್ಕೆ ಇಷ್ಟು ಸಾಕು. ಪಾತಕಿಗಳು ಬಂದಾಗ ಆಗುವುದೇನು? ನಾಲ್ವರನ್ನೂ ಬಲವಂತವಾಗಿ ವ್ಯವಹಾರದ ತುದಿಗೆ ತಳ್ಳಿ ಅಲ್ಲಿಯೇ ನಿಲ್ಲಿಸುತ್ತಾರೆ. ಅಳುವುದಕ್ಕೆ ಬಿಡುವಿಲ್ಲ. ತಡೆದು ನಿಲ್ಲಿಸಿದ್ದು ತಪ್ಪಾದ ಹೊತ್ತಿನಲ್ಲಿ ಒಡೆಯುತ್ತದೆ: ಕಪಾಟಿನ ಹಿಂದೆ ಅಡಗಿ ಕೂತಾಗ, ಬ್ಯಾಂಕಿನ ಗುಮಾಸ್ತ ‘ಖಾತೆದಾರರು ಖುದ್ದಾಗಿ ಬರಬೇಕು’ ಎಂದಾಗ. 70ನೇ ಪುಟದ ನಂತರ ನಿಮ್ಮ ನೀಲಿ ಬಣ್ಣ ಮರಳಿ ಬರಬೇಕಾದ ಜಾಗಗಳು ಇವು.

ಇನ್ನೊಂದು ಸಂಗತಿ ನಿಮ್ಮ ಕಥೆಗೆ ಹೇಳಿ ಮಾಡಿಸಿದಂತಿದೆ. ವೇಲ್ಸ್‌ನ ವೈದ್ಯ ಡೆವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೋದವರು ಹತ್ತಿರ ಇದ್ದಂತೆ ಅನಿಸಿದ್ದನ್ನು, ಕೆಲವರು ಕಂಡದ್ದನ್ನು ಕೇಳಿದ್ದನ್ನು ಹೇಳಿಕೊಂಡರು. ಅದು ಹುಚ್ಚಲ್ಲ, ಸಾಮಾನ್ಯ ದುಃಖದ ಭಾಗ. ಈಗ ನಿಮ್ಮ ಕಥೆಯ ಹೆಂಡತಿಯನ್ನು ನೋಡಿ. ಗಂಡ ದಿನವೂ ಸಂಜೆ 7.20ಕ್ಕೆ ಬರುತ್ತಿದ್ದ, ಗೇಟಿನ ಚಿಲಕ ಎರಡು ಸಲ ಸದ್ದು ಮಾಡುತ್ತಿತ್ತು. ಅವನು ಹೋದ ಮೇಲೂ ದಿನಾ ಆ ಹೊತ್ತಿಗೆ ಅವಳಿಗೆ ಆ ಸದ್ದು ಕೇಳುತ್ತಿದೆ. ಮೊದಲ ದಿನ ಓಡಿಹೋಗಿ ನೋಡಿದ್ದಳು. ನಾಲ್ಕನೇ ದಿನ ತಲೆ ಎತ್ತಿದಳು ಅಷ್ಟೆ. ಒಂಬತ್ತನೇ ದಿನ ಚಿಲಕ ಸದ್ದಾಗುತ್ತದೆ, ಅವಳು ಕೆಲಸ ಬಿಟ್ಟು ಅಲುಗುವುದಿಲ್ಲ. ಅಂದು ಬಂದದ್ದು ನಿಜವಾದ ಸದ್ದು. ಇಷ್ಟನ್ನು ಸರಿಯಾಗಿ ಬಿತ್ತಿದರೆ ಮೊದಲ ಪುಟಗಳ ದುಃಖವೇ ಭಯದ ಬೀಜವಾಗುತ್ತದೆ. ಚಾಕು ಬೇಕಿಲ್ಲ, ಓದುಗರ ಬೆನ್ನು ತಾನಾಗಿ ತಣ್ಣಗಾಗುತ್ತದೆ.

ಜೊತೆಗೆ, ಒಂಬತ್ತನೇ ದಿನದಲ್ಲಿರುವ ಹೆಣ್ಣುಮಗಳಿಗೆ ಯಾವ ಪಾತ್ರದ ಬಾಯಿಂದಲೂ ರೋಗದ ಹೆಸರು ಹೇಳಿಸಬೇಡಿ. ದೀರ್ಘಕಾಲದ ದುಃಖದ ತೊಂದರೆ ಎಂದು ವೈದ್ಯರು ಗುರುತಿಸಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಕನಿಷ್ಠ ಆರು ತಿಂಗಳು ಕಳೆದಿರಬೇಕು. ನಿದ್ದೆಗೇಡು, ಮರೆವು, ಇಟ್ಟ ವಸ್ತು ಸಿಗದಿರುವುದು, ಒಂದೇ ಪತ್ರವನ್ನು ಮೂರು ಸಲ ಓದಿದರೂ ತಲೆಗೆ ಹೋಗದಿರುವುದು, ಇವು ಆ ದಿನಗಳ ಸಹಜ ಸ್ಥಿತಿ. ಹಣದ ಸುಳಿವು ಇರುವ ಕಾಗದವನ್ನು ಅವಳು ಮೂರು ಸಲ ಓದಿ ಬದಿಗಿಟ್ಟರೆ ಓದುಗರು ನಂಬುತ್ತಾರೆ. ಜಾಣ ಹೆಂಗಸನ್ನು ಕಥೆಯ ಅನುಕೂಲಕ್ಕೆ ದಡ್ಡಿ ಮಾಡಿದಂತೆ ಕಾಣುವುದಿಲ್ಲ.

ಖಳರ ವಿಷಯದಲ್ಲಿ ಮೊದಲು ಒಂದು ದೊಡ್ಡ ತೂತು ಮುಚ್ಚಬೇಕು. ಹಣ ಎಲ್ಲಿದೆ ಎಂದು ಗೊತ್ತಿದ್ದವನು ಒಬ್ಬನೇ. ಅದು ಸಿಗುವ ಮೊದಲೇ ಅವನನ್ನು ಇವರು ಕೊಂದದ್ದೇಕೆ? ಇದಕ್ಕೆ ಉತ್ತರವಿಲ್ಲದೆ ನಿಮ್ಮ ಕೊನೆಯ ತಿರುವು ನಿಲ್ಲುವುದಿಲ್ಲ. ಬ್ರೇಕಿನ ಉಪಾಯವೂ ದುರ್ಬಲ. ಈಗಿನ ಕಾರುಗಳಲ್ಲಿ ಬ್ರೇಕ್ ದ್ರವ ಎರಡು ಬೇರೆ ಸಾಲುಗಳಲ್ಲಿ ಹರಿಯುತ್ತದೆ. ಒಂದನ್ನು ಕತ್ತರಿಸಿದರೂ ಇನ್ನೊಂದು ಎರಡು ಚಕ್ರಗಳನ್ನು ಹಿಡಿಯುತ್ತದೆ. ಪೆಡಲ್ ಆಳಕ್ಕೆ ಇಳಿಯುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಎಚ್ಚರಿಕೆಯ ಕೆಂಪು ದೀಪ ಹತ್ತುತ್ತದೆ, ನಿಲ್ಲಿಸಿದ ಜಾಗದಲ್ಲಿ ದ್ರವದ ಕಲೆ ಬೀಳುತ್ತದೆ. ಅಪಘಾತದ ನಂತರ ಗಾಡಿ ಪರಿಶೀಲಿಸುವವರಿಗೆ ಹರಿದ ಕೊಳವೆಗೂ ಕತ್ತರಿಸಿದ ಕೊಳವೆಗೂ ವ್ಯತ್ಯಾಸ ಕಾಣುತ್ತದೆ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಕೊಲೆ ಮಾಡಿದ್ದು ಮೂವರಲ್ಲೇ ಒಬ್ಬ, ಉಳಿದಿಬ್ಬರಿಗೆ ತಿಳಿಯದಂತೆ, ತಾನೇ ಕದ್ದದ್ದನ್ನು ಲೆಕ್ಕದವನ ತಲೆಗೆ ಕಟ್ಟಲು. ಇದು ಕುತೂಹಲಕರ, ಆದರೆ ಅದರ ಸುಳಿವುಗಳನ್ನು ಮೊದಲ ಭೇಟಿಯಿಂದಲೇ ಹೆಣೆಯಬೇಕು. ಕೊನೆಯ 30 ಪುಟದಲ್ಲಿ ತಂದು ಸುರಿದರೆ ಮೋಸ ಎನಿಸುತ್ತದೆ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ: ಅದು ನಿಜವಾಗಿಯೂ ಬರೀ ಅಪಘಾತ. ಅವನು ಸತ್ತದ್ದು ಪಾತಕಿಗಳಿಗೂ ಸಿಡಿಲು. ಅವರೂ ಬೇರೆಯವರಿಗೆ ಲೆಕ್ಕ ಒಪ್ಪಿಸಬೇಕು, ಐದು ದಿನದ ಗಡುವು ಅವರ ಕತ್ತಿನ ಮೇಲೂ ಇದೆ. ಆಗ ‘ಐದೇ ದಿನ ಯಾಕೆ’ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಇದರ ಅಪಾಯವೆಂದರೆ ಕೊನೆಯ ಸ್ಫೋಟ ಕೈತಪ್ಪುತ್ತದೆ, ಅದಕ್ಕೆ ಬೇರೆ ಏನನ್ನಾದರೂ ಕಟ್ಟಬೇಕು.

ಇನ್ನು ‘ಒಬ್ಬೊಬ್ಬರನ್ನೇ ಮುಗಿಸುತ್ತೇವೆ’ ಎಂಬ ಮಾತು. ವಸೂಲಿಗೆ ಬಂದವನಿಗೆ ಸತ್ತ ಸಾಲಗಾರನಿಂದ ಪ್ರಯೋಜನವಿಲ್ಲ, ಅದು ಓದುಗರಿಗೂ ಗೊತ್ತು. ಆದ್ದರಿಂದ ಆ ಬೆದರಿಕೆ ಬರೀ ಗದ್ದಲ. ಬೆದರಿಸುವವನ ಬಲ ಇರುವುದು ಅವನಿಗೆ ಏನು ಗೊತ್ತಿದೆ ಎಂಬುದರಲ್ಲಿ, ಮನೆಯೊಳಗೆ ಎಷ್ಟು ದೂರ ಬರಬಲ್ಲ ಎಂಬುದರಲ್ಲಿ. ಮೊದಲ ಭೇಟಿಯನ್ನು ಹೀಗೆ ಯೋಚಿಸಿ. ಇಬ್ಬರು ಗೇಟಿನ ಆಚೆ ಗಾಡಿಗೆ ಒರಗಿ ನಿಂತಿದ್ದಾರೆ. ಒಬ್ಬನೇ ಒಳಗೆ ಬರುತ್ತಾನೆ, ಹೇಳಿದ ಮೇಲೆಯೇ ಕೂರುತ್ತಾನೆ, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆಯುತ್ತಾನೆ.

“ಅಣ್ಣ ಇದನ್ನ ನಮ್ಮಲ್ಲೇ ಬಿಟ್ಟು ಹೋಗಿದ್ರು ಅತ್ತಿಗೆ.”

ಅವಳು ತೆರೆದು ನೋಡುತ್ತಾಳೆ. ಗಂಡನದೇ. ಎಡಗಡೆ ಕಡ್ಡಿಗೆ ಅವಳೇ ಸುತ್ತಿದ ಕಪ್ಪು ದಾರ ಹಾಗೇ ಇದೆ. ಆದರೆ ಈ ಕನ್ನಡಕ ಬಸ್ಸಿನಲ್ಲಿ ಕಳೆದುಹೋಯಿತು ಎಂದು ಅವನು ನಾಲ್ಕು ತಿಂಗಳ ಹಿಂದೆ ಹೇಳಿದ್ದ.

“ಹುಡುಗ ಈಗ ಶಾಲೆಯಿಂದ ಒಬ್ನೇ ಬರ್ತಾನಲ್ವಾ? ಸೇತುವೆ ಹತ್ರ ರಸ್ತೆ ಕಿರಿದು. ಜೋಪಾನ.” ಏಳುವಾಗ, “ಶನಿವಾರ ಬರ್ತೀವಿ. ಅಷ್ಟರಲ್ಲಿ ಅಣ್ಣನ ಕಾಗದಪತ್ರ ಎಲ್ಲ ಒಂದ್ಸಲ ನೋಡಿಡಿ.”

ಇಲ್ಲಿ ಒಂದು ಬೈಗುಳವಿಲ್ಲ. ‘ಅತ್ತಿಗೆ’ ಎಂಬ ಪದವೇ ಕೆಲಸ ಮಾಡುತ್ತದೆ: ಆ ಮನೆಯಲ್ಲಿ ಅವಳನ್ನು ಹಾಗೆ ಕರೆಯುವವನು ಇಷ್ಟು ದಿನ ಒಬ್ಬನೇ ಇದ್ದ. ಗಂಡನನ್ನು ‘ಅಣ್ಣ’ ಎನ್ನುವ ಅಪರಿಚಿತ, ಅವಳಿಗೆ ಗೊತ್ತಿಲ್ಲದ ಗಂಡನೊಬ್ಬನಿದ್ದ ಎಂದು ಹೇಳುತ್ತಿದ್ದಾನೆ. ಕನ್ನಡಕ ಸಾಂತ್ವನವೂ ಹೌದು, ಬೆದರಿಕೆಯೂ ಹೌದು, ಸುಳಿವೂ ಹೌದು. ನೀಲಿ, ಕೆಂಪು ಒಂದೇ ಸಾಲಿನ ಮೇಲೆ ಬೀಳಬೇಕು ಎಂದದ್ದು ಇದನ್ನೇ.

ಪೊಲೀಸರ ಪ್ರಶ್ನೆಗೂ ಇದೇ ದೃಶ್ಯ ಅರ್ಧ ಉತ್ತರ ಕೊಡುತ್ತದೆ. ಅವಳು ಠಾಣೆಗೆ ಹೋಗಿ ನಡೆದದ್ದನ್ನು ಅಕ್ಷರಶಃ ಹೇಳಿದರೆ ಬರೆದುಕೊಳ್ಳುವವನ ಕಾಗದದ ಮೇಲೆ ಏನಿರುತ್ತದೆ? ಒಬ್ಬ ಬಂದ, ಕನ್ನಡಕ ವಾಪಸು ಕೊಟ್ಟ, ಮಗ ಜೋಪಾನ ಎಂದ, ಶನಿವಾರ ಬರುತ್ತೇನೆಂದ. ಓದಿ ಹೇಳಿದಾಗ ಅವಳಿಗೇ ತನ್ನ ಭಯ ಪೊಳ್ಳೆನಿಸುತ್ತದೆ. ನಿಷ್ಠಾವಂತ ಅಧಿಕಾರಿಯೂ ‘ಮತ್ತೆ ಬಂದರೆ ಫೋನ್ ಮಾಡಿ’ ಎನ್ನುವುದಕ್ಕಿಂತ ಹೆಚ್ಚೇನೂ ಮಾಡಲಾರ.

ಬಹಳಷ್ಟು ಹಸ್ತಪ್ರತಿಗಳು ಈ ಪ್ರಶ್ನೆಯನ್ನು ‘ಪೊಲೀಸರೂ ಅವರ ಕಡೆಯವರೇ’ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತವೆ. ಅದು ಅಗ್ಗದ ಬೀಗ. ಎಲ್ಲ ಬಾಗಿಲುಗಳನ್ನೂ ಹಾಗೆ ಮುಚ್ಚಿದರೆ ಕೊನೆಯಲ್ಲಿ ಕುಟುಂಬಕ್ಕೆ ಹೋಗಲು ಜಾಗವೇ ಉಳಿಯುವುದಿಲ್ಲ, ಮುಕ್ತಾಯಕ್ಕೆ ಯಾವುದೋ ಒಳ್ಳೆಯ ಅಧಿಕಾರಿಯನ್ನು ಆಕಾಶದಿಂದ ಇಳಿಸಬೇಕಾಗುತ್ತದೆ. ಬದಲಿಗೆ ನಾಲ್ವರಿಗೂ ಬೇರೆ ಬೇರೆ ಕಾರಣ ಕೊಡಿ, ಒಬ್ಬರ ಕಾರಣ ಇನ್ನೊಬ್ಬರಿಗೆ ತಿಳಿಯದಿರಲಿ. ತಾಯಿಗೆ ಸತ್ತವನ ಹೆಸರು ಕೆಡುವ ಸಂಕಟ. ಮಗಳು ಎರಡು ವರ್ಷದ ಹಿಂದೆ, ಅಪ್ಪ ತೋರಿಸಿದ ಕಡೆ ಓದದೆ ಸಹಿ ಹಾಕಿದ್ದಾಳೆ. ಯಾವುದೋ ಸಂಸ್ಥೆಯ ಕಾಗದದಲ್ಲಿ ತಾನೂ ಪಾಲುದಾರಳು ಎಂದು ಅವಳಿಗೆ ಈಗಷ್ಟೇ ಗೊತ್ತಾಗಿದೆ. ಚಿಕ್ಕಪ್ಪ ಆ ಹಣದಲ್ಲಿ ಒಂದು ಪಾಲು ಆಗಲೇ ಖರ್ಚು ಮಾಡಿದ್ದಾನೆ. ಹುಡುಗನೊಬ್ಬನಿಗೇ ಹೋಗಬೇಕೆನಿಸುತ್ತದೆ, ಮತ್ತು ಗಡುವಿನ ಮೂರನೇ ದಿನ ಅವನು ಹೋಗಿಯೇ ಬಿಡಲಿ. ಹೋಗಿದ್ದರಿಂದ ಗಡುವಿನಲ್ಲಿ ಒಂದು ದಿನ ಕಡಿಮೆಯಾಗಲಿ. ಅವರು ಠಾಣೆಯ ಬಾಗಿಲು ತಟ್ಟಿದರು, ಅದಕ್ಕೆ ಬೆಲೆ ತೆತ್ತರು ಎಂಬುದನ್ನು ಓದುಗರು ಕಣ್ಣಾರೆ ಕಂಡ ಮೇಲೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಆ ಠಾಣೆಯ ದೃಶ್ಯಕ್ಕೆ ಒಂದು ವಿವರ. ಹುಡುಗ ಚಾಕು ಕಂಡಿದ್ದರೆ ಮುಖವನ್ನು ಚೆನ್ನಾಗಿ ಹೇಳಲಾರ. ಎದುರಿಗೆ ಆಯುಧ ಇದ್ದಾಗ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ, ಹಿಡಿದವನ ಗುರುತು ಮಸುಕಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಎಲಿಸಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ನೋಟದ ಚಲನೆ ಅಳೆದು ತೋರಿಸಿದ್ದಾರೆ. ನಿಮ್ಮ ಕರಡಿನ ಹುಡುಗ ಹುಬ್ಬಿನ ಗಾಯದ ಗುರುತಿನಿಂದ ಹಿಡಿದು ಅಂಗಿಯ ಬಣ್ಣದವರೆಗೆ ಒಪ್ಪಿಸುತ್ತಿದ್ದರೆ ಅದನ್ನು ಬಿಡಿ. ಅವನಿಗೆ ನೆನಪಿರುವುದು ಒಂದು ಹೆಬ್ಬೆರಳು, ಅದರ ಸೀಳಿದ ಉಗುರು. 200 ಪುಟ ದಾಟಿದ ಮೇಲೆ ಆ ಉಗುರು ಮತ್ತೆ ಎದುರಾಗಲಿ, ಮನೆಯವರು ನಂಬಿದ್ದ ಯಾರದೋ ಕೈಯಲ್ಲಿ.

ಕ್ಲೋರೋಫಾರ್ಮ್ ದೃಶ್ಯವನ್ನು ಮುಂದಕ್ಕೆ ತರಬೇಡಿ, ತೆಗೆದೇ ಬಿಡಿ. ಕರವಸ್ತ್ರ ಒತ್ತಿದ ಕ್ಷಣಕ್ಕೆ ಯಾರೂ ಕುಸಿಯುವುದಿಲ್ಲ. ಅದಕ್ಕೆ ನಿಮಿಷಗಟ್ಟಲೆ ಬೇಕು, ಅಷ್ಟರಲ್ಲಿ ಉಸಿರೋ ಹೃದಯವೋ ನಿಂತುಹೋಗುವ ಅಪಾಯವೂ ಇದೆ. ತಲೆಗೆ ಹೊಡೆದು ಒಂದು ಗಂಟೆ ಮಲಗಿಸುವುದೂ ಅಷ್ಟೇ ಸುಳ್ಳು. ಅಷ್ಟು ಹೊತ್ತು ಎಚ್ಚರ ತಪ್ಪಿದರೆ ಅದು ಮಿದುಳಿನ ಗಂಭೀರ ಪೆಟ್ಟು, ಎದ್ದ ಮೇಲೆ ವಾಂತಿ, ಗೊಂದಲ, ತೊದಲು ಇರುತ್ತದೆ, ಎದ್ದು ಓಡುವುದಕ್ಕಾಗುವುದಿಲ್ಲ. ಬಂದೂಕಿನ ಸೈಲೆನ್ಸರ್ ಸದ್ದನ್ನು ಸುಮಾರು 20ರಿಂದ 35 ಡೆಸಿಬೆಲ್ ತಗ್ಗಿಸುತ್ತದೆ. ಗುಂಡಿನ ಸದ್ದೇ 140 ಡೆಸಿಬೆಲ್ ದಾಟುವುದರಿಂದ ಪಕ್ಕದ ಕೋಣೆಯವರಿಗೆ ಕೇಳಿಯೇ ಕೇಳುತ್ತದೆ. ಮೊಬೈಲ್ ಕರೆಯ ಮೂಲ ತಿಳಿಯಲು ಮಾತು ಎಳೆಯುತ್ತಾ ಕೂರಬೇಕಾಗಿಲ್ಲ, ಯಾವ ಟವರ್ ಮೂಲಕ ಬಂತೆಂಬುದು ಕಂಪನಿಯ ದಾಖಲೆಯಲ್ಲಿ ಆಗಲೇ ಕೂತಿರುತ್ತದೆ. ಮಗಳು ಹೋಗಲೇಬೇಕಿದ್ದರೆ ಅವಳಾಗಿಯೇ ಗಾಡಿ ಹತ್ತಲಿ. ‘ನೀವು ಸಹಿ ಹಾಕಿದ ಮೂಲ ಪತ್ರ ನನ್ನ ಹತ್ತಿರ ಇದೆ, ಅಮ್ಮನಿಗೆ ಹೇಳಬೇಡಿ’ ಎಂಬ ಒಂದು ಕರೆ ಸಾಕು. ಬಲವಂತದ ಅಪಹರಣಕ್ಕಿಂತ ಇದು ಹೆಚ್ಚು ಭಯಾನಕ, ಏಕೆಂದರೆ ಅವಳ ಹೆಜ್ಜೆ ಹೆಜ್ಜೆಯನ್ನೂ ಓದುಗರು ತಡೆಯಲು ಬಯಸುತ್ತಾರೆ.

ಹೊಡೆದಾಟ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಒಂದು ಸಾಕು, ಆದರೆ ಅದು ಉಳಿಯಬೇಕು. ಮುರಿದ ಬೆರಳು ಕೂಡಲು ಮೂರರಿಂದ ಆರು ವಾರ ಬೇಕು. ಎರಡನೇ ದಿನ ಚಿಕ್ಕಪ್ಪನ ಬಲಗೈ ಬೆರಳು ಮುರಿದರೆ ಕಥೆ ಮುಗಿಯುವವರೆಗೂ ಅವನಿಗೆ ಗುಂಡಿ ಹಾಕಿಕೊಳ್ಳಲಾಗದು, ಬೀಗದ ಕೈ ತಿರುಗಿಸಲಾಗದು, ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಮರು ಅಧ್ಯಾಯದಲ್ಲಿ ಮಾಯವಾಗುವ ಹತ್ತು ಹೊಡೆದಾಟಗಳಿಗಿಂತ ಈ ಒಂದು ಬೆರಳು ಹೆಚ್ಚು ನೋಯಿಸುತ್ತದೆ. ಕುಟುಂಬದ ಇನ್ನೊಬ್ಬರನ್ನು ನಡುವೆ ಕೊಲ್ಲುವ ಆಸೆ ಬಂದರೆ ತಡೆಯಿರಿ. ಎರಡನೇ ಸಾವಿಗೆ ಅದರದೇ ದುಃಖ ಬೇಕು, ಅದಕ್ಕೆ ಕನಿಷ್ಠ 50 ಪುಟ ಬೇಕು, ಐದು ದಿನದ ಓಟದಲ್ಲಿ ಅಷ್ಟು ಜಾಗ ನಿಮಗಿಲ್ಲ.

ಅಳತೆಯ ಮಾತಿಗೆ ಬರೋಣ. ಪುಟಕ್ಕೆ ಸುಮಾರು 280 ಪದದಂತೆ ಮೊದಲ 70 ಪುಟ ಎಂದರೆ ಹತ್ತಿರಹತ್ತಿರ 20,000 ಪದ, ಪುಸ್ತಕದ ಕಾಲು ಭಾಗ. ಅದನ್ನು 12,000ಕ್ಕೆ ಇಳಿಸಿ. ಮೊದಲು ಹೋಗಬೇಕಾದದ್ದು ದುಃಖಕ್ಕೆ ಹೆಸರಿಡುವ ವಾಕ್ಯಗಳು, ‘ಅವಳ ಎದೆ ಭಾರವಾಯಿತು’ ಬಗೆಯವು. ಅಂಗಿ, ಚಿಲಕ, ಕನ್ನಡಕದಂಥ ವಸ್ತುಗಳನ್ನು ಮುಟ್ಟಬೇಡಿ. ಪಾತಕಿಗಳನ್ನು ಒಂದನೇ ಪುಟಕ್ಕೇ ಎಳೆದು ತರುವುದೂ ಒಂದು ದಾರಿ, ಓಟ ಕೂಡಲೇ ಹತ್ತುತ್ತದೆ. ಆದರೆ ಯಾರನ್ನು ಕಳೆದುಕೊಂಡರು ಎಂದು ಓದುಗರಿಗೆ ಗೊತ್ತಾಗುವ ಮೊದಲೇ ಓಡಿಸಿದರೆ ತಂದೆ ಬರೀ ಒಂದು ಹೆಸರಾಗಿ ಉಳಿಯುತ್ತಾನೆ. ಇದಕ್ಕಿಂತ, ಅವರಲ್ಲೊಬ್ಬನನ್ನು ಸಾಂತ್ವನ ಹೇಳಲು ಬಂದವರ ನಡುವೆ 12ನೇ ಪುಟದ ಆಸುಪಾಸಿನಲ್ಲೇ ಕೂರಿಸಿ. ಯಾರ ಕಡೆಯವನೆಂದು ಯಾರೂ ಕೇಳುವುದಿಲ್ಲ, ಸಾವಿನ ಮನೆಯಲ್ಲಿ ಎಲ್ಲರೂ ಅವನು ಇನ್ನೊಬ್ಬರಿಗೆ ಗೊತ್ತಿರಬೇಕು ಎಂದುಕೊಳ್ಳುತ್ತಾರೆ. ಅವನು ಕುರ್ಚಿ ಎತ್ತಿಡುತ್ತಾನೆ, ಹುಡುಗನ ತಲೆ ಸವರುತ್ತಾನೆ, ಮನೆಯ ಕಪಾಟುಗಳನ್ನು ಎಣಿಸುತ್ತಾನೆ. ಅಲ್ಲಿಂದ ಮುಂದಿನ ಅಳುವಿನ ಪುಟಗಳನ್ನು ಓದುಗರು ಉಸಿರು ಬಿಗಿಹಿಡಿದೇ ಓದುತ್ತಾರೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಕೊಲೆಯೋ ಅಪಘಾತವೋ ಎಂಬುದನ್ನು ತೀರ್ಮಾನಿಸಿ, ಆಮೇಲೆ ನಾಲ್ವರ ಗುಟ್ಟುಗಳು, ನಂತರ ಮೊದಲ ಭೇಟಿಯ ದೃಶ್ಯ, ಕತ್ತರಿ ಕೊನೆಗೆ. ಹಣ ಸಿಗುತ್ತದೋ ಇಲ್ಲವೋ ಎನ್ನುವುದರ ಜೊತೆಗೆ, ತಂದೆಯ ಬಗ್ಗೆ ಈ ನಾಲ್ವರೂ ಈಗ ಏನೆಂದುಕೊಳ್ಳುತ್ತಾರೆ ಎನ್ನುವುದೂ ಮುಕ್ತಾಯದಲ್ಲಿ ತಿಳಿಯಬೇಕು. ಅವನನ್ನು ದಯವಿಟ್ಟು ತೊಳೆದು ಬಿಳಿ ಮಾಡಬೇಡಿ, ಅವನು ಅವರನ್ನು ಪ್ರೀತಿಸಿದ್ದ, ಸುಳ್ಳನ್ನೂ ಹೇಳಿದ್ದ. ಆ ಕನ್ನಡಕ ಕೊನೆಯ ಪುಟದಲ್ಲಿ ಯಾರ ಕೈಯಲ್ಲಿರುತ್ತದೆ, ಅವರು ಕಡ್ಡಿಯ ಕಪ್ಪು ದಾರವನ್ನು ಬಿಚ್ಚುತ್ತಾರೋ ಹಾಗೇ ಬಿಡುತ್ತಾರೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಮೊದಲ ಅಧ್ಯಾಯದಲ್ಲಿ ಆ ದಾರ ಸುತ್ತಿದ ಸಂಜೆಯನ್ನು ಎಷ್ಟು ಉದ್ದ ಬರೆಯಬೇಕು ಎಂಬುದು ಅದರ ಮೇಲೆ ನಿಂತಿದೆ.